ಮೊದಲ ಟೆಂಟ್ ರಾತ್ರಿ ಎಲ್ಲಿ? ಬೇ ಏರಿಯಾ ಸುತ್ತಲಿನ ಸ್ಟೇಟ್ ಪಾರ್ಕ್‌ಗಳಲ್ಲಿ ನಿಮ್ಮ ಮನೆಗೆ ಹೊಂದುವುದು ಯಾವುದು

ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ ಸುತ್ತಮುತ್ತ, ಪ್ರತಿ ವರ್ಷ ಚಳಿಗಾಲ ಮುಗಿಯುತ್ತಾ ಬಂದ ಹಾಗೆ ಪರಿಚಯದವರಿಂದ ಒಂದೇ ಪ್ರಶ್ನೆ. “ಈ ಸಲ ಕ್ಯಾಂಪಿಂಗ್ ಹೋಗಲೇಬೇಕು ಅಂತಿದ್ದೀವಿ. ಊರಿಂದ ಅಪ್ಪ ಅಮ್ಮನೂ ಬಂದಿರ್ತಾರೆ. ಬಿಗ್ ಸರ್ ಒಳ್ಳೇದಾ, ಟಾಹೋ ಒಳ್ಳೇದಾ, ಇಲ್ಲ ಇಲ್ಲೇ ಹಾಫ್ ಮೂನ್ ಬೇ ಸಾಕಾ?”

ನಾನು ಪಾರ್ಕಿನ ಹೆಸರು ಹೇಳುವುದಕ್ಕೆ ಮೊದಲು ಒಂದು ಮಾತು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಜಾಗ ಬದಲಾದರೆ ನಿದ್ದೆ ಬಾರದವರು ಯಾರು? ಅವರಿಗೆ ಹೊಂದುವ ಜಾಗವೇ ನಿಮ್ಮ ಜಾಗ. ನಾವು ನೋಡುವ ಫೋಟೋಗಳೆಲ್ಲ ಹಗಲಿನವು. ಕ್ಯಾಂಪಿಂಗ್ ಅಂದರೆ ಬಹುಪಾಲು ರಾತ್ರಿ. ಹೊತ್ತು ಮುಳುಗಿದ ಮೇಲೆ ಬೆಳಗಿನ ಕಾಫಿಯವರೆಗೆ ಹತ್ತು ಹನ್ನೊಂದು ಗಂಟೆ ಕಳೆಯಬೇಕು. ಆ ಗಂಟೆಗಳು ಸರಿಹೋದರೆ ಎಂಥ ಜಾಗವೂ ಚೆನ್ನ.

ಇದನ್ನು ನಾನು ಕಲಿತದ್ದು ಅಮ್ಮನಿಂದ. ನಮ್ಮ ಮೊದಲ ಕ್ಯಾಂಪಿಂಗ್ ಜೂನ್‌ನಲ್ಲಿ, ಕಡಲ ದಂಡೆಯ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ. ಮನೆ ಬಿಟ್ಟಾಗ ಸ್ಯಾನ್ ಹೋಸೆಯಲ್ಲಿ 30 ಡಿಗ್ರಿ ಬಿಸಿಲು. ಜೂನ್ ಅಲ್ವಾ, ಏನು ಚಳಿ ಇರುತ್ತೆ ಅಂತ ತೆಳು ರಗ್ಗುಗಳನ್ನು ಮಾತ್ರ ಹಾಕಿಕೊಂಡಿದ್ದೆವು. ಸಂಜೆ ಆರಕ್ಕೆ ಕಡಲಿನಿಂದ ಮಂಜು ಎದ್ದು ಬಂತು. ರಾತ್ರಿ ಎರಡರ ಸುಮಾರಿಗೆ ಎಚ್ಚರವಾಗಿ ನೋಡಿದರೆ ಅಮ್ಮನ ಜಾಗ ಖಾಲಿ. ಗಾಬರಿಯಿಂದ ಹೊರಗೆ ಬಂದೆ. ಕಾರಿನ ಗಾಜೆಲ್ಲ ಒಳಗಿನಿಂದ ಬೆಳ್ಳಗೆ ಮಸುಕಾಗಿತ್ತು. ಬಾಗಿಲು ತೆಗೆದರೆ ಮುಂದಿನ ಸೀಟಿನಲ್ಲಿ ಶಾಲು ಸುತ್ತಿಕೊಂಡು, ಸೆರಗನ್ನು ತಲೆ ಮೇಲೆ ಹೊದ್ದು ಅಮ್ಮ ಕೂತಿದ್ದರು. “ನೀವೆಲ್ಲ ಮಲಗಿದ್ರಿ, ಸುಮ್ನೆ ಯಾಕೆ ಎಬ್ಬಿಸೋದು ಅಂತ” ಅಂದರು. ಅವರ ಕೈ ಮುಟ್ಟಿದಾಗ ತಣ್ಣಗೆ ಕೊರೆಯುತ್ತಿತ್ತು. ಅವತ್ತಿನಿಂದ ನಾನು ಜಾಗ ಆರಿಸುವುದು ರಾತ್ರಿಯನ್ನು ನೋಡಿ.

ಏನೇನು ನೋಡಬೇಕು

ಮೊದಲನೆಯದು ಚಳಿ. ಬೆಂಗಳೂರಿನ ಡಿಸೆಂಬರ್ ರಾತ್ರಿ 15–16 ಡಿಗ್ರಿ ಇದ್ದರೆ ನಾವು ಸ್ವೆಟರ್ ಹಾಕುತ್ತೇವೆ. ಇಲ್ಲಿನ ಕಡಲ ದಂಡೆಯಲ್ಲಿ ನಡುಬೇಸಿಗೆಯ ರಾತ್ರಿಯೂ 10–12 ಡಿಗ್ರಿ. ಬೆಟ್ಟದ ಮೇಲಿನ ಟಾಹೋ ಸರೋವರದ ಹತ್ತಿರ ಜುಲೈ ರಾತ್ರಿಯೂ 5 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಎಷ್ಟೋ ಬ್ಯಾಗುಗಳಲ್ಲಿ ಅದು ಹೇಗೋ ರಾತ್ರಿ ಕಳೆಯಬಹುದಾದ ಲೆಕ್ಕ, ಬೆಚ್ಚಗೆ ಮಲಗುವ ಲೆಕ್ಕ ಅಲ್ಲ. ನೀವು ಹೋಗುವ ಜಾಗದ ಚಳಿಗಿಂತ ಐದಾರು ಡಿಗ್ರಿ ಕಮ್ಮಿ ಬರೆದಿರುವುದನ್ನೇ ತೆಗೆದುಕೊಳ್ಳಿ.

ಇನ್ನೊಂದು ವಿಷಯ ನಮ್ಮವರಲ್ಲಿ ತುಂಬ ಜನಕ್ಕೆ ಹೊಳೆಯುವುದಿಲ್ಲ. ಟೆಂಟಿನಲ್ಲಿ ಚಳಿ ಬರುವುದು ಮೇಲಿನಿಂದ ಅಲ್ಲ, ಕೆಳಗಿನಿಂದ. ಗಾಳಿ ತುಂಬುವ ದಪ್ಪ ಹಾಸಿಗೆ ಮೆತ್ತಗೇನೋ ಇರುತ್ತದೆ, ಆದರೆ ಒಳಗಿನ ಗಾಳಿ ತಣ್ಣಗಾಗಿ ಬೆನ್ನಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಅದರ ಮೇಲೆ ಫೋಮ್ ಶೀಟನ್ನೋ ನಾಲ್ಕು ಮಡಿಕೆ ಮಾಡಿದ ಜಮಖಾನವನ್ನೋ ಹಾಸಿ, ಆಮೇಲೆ ಮಲಗಿ. ಹೊದೆಯುವುದಕ್ಕೆ ಎರಡು ಕಂಬಳಿ ಇದ್ದರೆ ಒಂದನ್ನು ಕೆಳಗೆ ಹಾಕಿ. ನಮ್ಮ ಅಮ್ಮ ಅವತ್ತು ಚಳಿಗೆ ಎದ್ದು ಕಾರಿಗೆ ಹೋದದ್ದು ಈ ಗಾಳಿ ಹಾಸಿಗೆಯಿಂದಲೇ.

ಎರಡನೆಯದು ಟಾಯ್ಲೆಟ್. ವಯಸ್ಸಾದವರು ರಾತ್ರಿ ಎರಡು ಸಲ ಏಳುತ್ತಾರೆ, ಚಿಕ್ಕ ಮಕ್ಕಳೂ ಅಷ್ಟೇ. ಕತ್ತಲಲ್ಲಿ, ಬೇರು ಕಲ್ಲು ದಾಟಿಕೊಂಡು ಎಷ್ಟು ದೂರ ನಡೆಯಬೇಕು ಎನ್ನುವುದು ಬಹಳ ಮುಖ್ಯ. ಸ್ನಾನದ ಮನೆ ಹೆಚ್ಚಿನ ಕಡೆ ಇದೆ, ಆದರೆ ಬಿಸಿನೀರಿಗೆ ನಾಣ್ಯ ಹಾಕಬೇಕಾಗಬಹುದು. ಒಂದು ಹಿಡಿ ಕ್ವಾರ್ಟರ್ ಕಾರಿನಲ್ಲಿ ಇರಲಿ.

ಮೂರನೆಯದು ದಾರಿ. ಮೊದಲ ಸಲ ಟೆಂಟ್ ನಿಲ್ಲಿಸುವುದಕ್ಕೆ ಒಂದು ಗಂಟೆ ಬೇಕು. ಅದನ್ನು ಟಾರ್ಚ್ ಬೆಳಕಿನಲ್ಲಿ ಮಾಡುವ ಹಾಗಾದರೆ ಅರ್ಧ ಸಂತೋಷ ಅಲ್ಲೇ ಹೋಯಿತು. ಹೊತ್ತು ಇರುವಾಗಲೇ ತಲುಪಬಹುದಾದ ಜಾಗ ಮಾತ್ರ ಪಟ್ಟಿಯಲ್ಲಿರಲಿ.

ದುಡ್ಡಿನ ಮಾತು. ಈ ಪಾರ್ಕ್‌ಗಳಲ್ಲಿ ಟೆಂಟ್ ಜಾಗಕ್ಕೆ ರಾತ್ರಿಗೆ ಸುಮಾರು 35 ಡಾಲರ್, ಅದರ ಮೇಲೆ ಬುಕಿಂಗ್ ಶುಲ್ಕ. ಸಾಮಾನ್ಯವಾಗಿ ಅಂಥ ಒಂದು ಸೈಟಿನಲ್ಲಿ 8 ಜನರವರೆಗೆ ಇರಬಹುದು. ಇನ್ನೊಂದು ಕಾರು ತಂದರೆ ಅದಕ್ಕೆ ಬೇರೆ ದುಡ್ಡು. ಅಂದರೆ ಜಾಗದ ಬಾಡಿಗೆ ಹೆಚ್ಚೇನಲ್ಲ, ಖರ್ಚೆಲ್ಲ ಸಾಮಾನಿನದು. ಟೆಂಟ್, ನಾಲ್ಕು ಸ್ಲೀಪಿಂಗ್ ಬ್ಯಾಗ್, ಹಾಸಿಗೆ, ಒಲೆ, ಲ್ಯಾಂಪ್ ಎಂದು ಒಂದೇ ಸಲ ಕೊಂಡರೆ ಎರಡು ರಾತ್ರಿ ಒಳ್ಳೆಯ ಹೋಟೆಲಿನಲ್ಲಿ ಇರುವಷ್ಟು ಆಗುತ್ತದೆ. ಮೊದಲ ಸಲ ಸ್ನೇಹಿತರ ಹತ್ತಿರ ಕೇಳಿ ತನ್ನಿ, ಇಲ್ಲವಾದರೆ ಬಾಡಿಗೆಗೆ ತನ್ನಿ. ನಿಮ್ಮ ಮನೆಯವರಿಗೆ ಇದು ಹಿಡಿಸಿತು ಅಂತ ಗೊತ್ತಾದ ಮೇಲೆ ಕೊಳ್ಳಿ. ನ್ಯಾಷನಲ್ ಪಾರ್ಕ್‌ಗಳ ವರ್ಷದ ಪಾಸ್ ಸ್ಟೇಟ್ ಪಾರ್ಕ್‌ನಲ್ಲಿ ನಡೆಯುವುದಿಲ್ಲ, ಎರಡೂ ಬೇರೆ ಬೇರೆ ಸರ್ಕಾರದವು. ಲೈಬ್ರರಿಯಿಂದ ತರುವ ಸ್ಟೇಟ್ ಪಾರ್ಕ್ ಪಾಸ್ ಹಗಲಿನ ಪ್ರವೇಶಕ್ಕೆ ಮಾತ್ರ. ಆದರೂ ಮುಂಚೆ ಒಂದು ದಿನ ಹೋಗಿ ಜಾಗ ನೋಡಿಕೊಂಡು ಬರುವುದಕ್ಕೆ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಹೆನ್ರಿ ಕೋವೆಲ್: ಮೊದಲ ಸಲಕ್ಕೆ ನನ್ನ ಆಯ್ಕೆ

ಸಾಂತಾ ಕ್ರೂಜ್ ಬೆಟ್ಟಗಳಲ್ಲಿ, ಫೆಲ್ಟನ್ ಊರಿನ ಹತ್ತಿರ ಇದೆ ಹೆನ್ರಿ ಕೋವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್. ಸ್ಯಾನ್ ಹೋಸೆಯಿಂದ ಸುಮಾರು ಒಂದು ಗಂಟೆ ದಾರಿ. ಏನಾದರೂ ಮರೆತರೆ, ಯಾರಿಗಾದರೂ ಹುಷಾರು ತಪ್ಪಿದರೆ ಮನೆಗೆ ವಾಪಸ್ ಬರಬಹುದು. ಮೊದಲ ಸಲ ಹೋಗುವವರಿಗೆ ಈ ಧೈರ್ಯ ದೊಡ್ಡದು.

ಇಲ್ಲಿನ ಕ್ಯಾಂಪ್‌ಗ್ರೌಂಡ್ ದೊಡ್ಡ ರೆಡ್‌ವುಡ್ ಮರಗಳ ನಡುವೆ ಇಲ್ಲ. ಇದನ್ನು ಮೊದಲೇ ತಿಳಿದಿರಿ, ಬಂದು ಬೇಸರ ಪಡಬೇಡಿ. ಅದು ಮೇಲೆ, ಗ್ರಹಾಂ ಹಿಲ್ ರಸ್ತೆಯ ಕಡೆ, ಪೈನ್ ಮತ್ತು ಓಕ್ ಮರಗಳ ಕೆಳಗಿದೆ. ನೆಲ ಮರಳು ಮರಳು, ಒಂದು ಕಾಲದಲ್ಲಿ ಕಡಲ ತಳವಾಗಿದ್ದ ಮಣ್ಣು. ಹೀಗಾಗಿ ನೀರು ನಿಲ್ಲುವುದಿಲ್ಲ, ಕೆಸರಿಲ್ಲ, ಬೆನ್ನಿಗೂ ಮೆತ್ತಗೆ. ಪೂರ್ತಿ ಕಾಡಿನ ನೆರಳಿಗಿಂತ ಇಲ್ಲಿ ಬೆಳಗಿನ ಬಿಸಿಲು ಬೇಗ ಬೀಳುತ್ತದೆ. ವಯಸ್ಸಾದವರಿಗೆ ಅದೇ ಬೇಕಾದದ್ದು.

ಹಳೆಯ ರೆಡ್‌ವುಡ್ ತೋಪು ಕೆಳಗಿದೆ, ಕಾರಿನಲ್ಲಿ ಹೋಗಬೇಕು. ಸುತ್ತು ದಾರಿ ಒಂದು ಮೈಲಿಗೂ ಕಮ್ಮಿ, ಪೂರ್ತಿ ಸಪಾಟು. ಮಂಡಿ ನೋವಿನವರೂ ನಡೆಯುತ್ತಾರೆ, ಮಗುವಿನ ಗಾಡಿಯೂ ಹೋಗುತ್ತದೆ. ಎತ್ತರದ ಮರ 270 ಅಡಿ ಆಸುಪಾಸು. ಒಂದು ಮರದ ಬುಡ ಟೊಳ್ಳು, ಮಕ್ಕಳು ಒಳಗೆ ಹೊಕ್ಕು ಹೊರಗೆ ಬರಲು ಒಪ್ಪುವುದಿಲ್ಲ. ಪಕ್ಕದಲ್ಲೇ ರೋರಿಂಗ್ ಕ್ಯಾಂಪಿನ ಹಳೆಯ ಉಗಿಬಂಡಿ ಇದೆ. ಅದರ ಸೀಟಿ ಕೇಳಿದರೆ ಅಜ್ಜ ಮೊಮ್ಮಗ ಇಬ್ಬರ ಮುಖವೂ ಒಂದೇ ಥರ ಅರಳುತ್ತದೆ.

ಕಡಲ ದಂಡೆಯ ಆ ರಾತ್ರಿ ಆದ ಮೇಲೆ, ಮುಂದಿನ ವರ್ಷ ಮೇ ತಿಂಗಳಲ್ಲಿ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆವು. ಮಡಚುವ ಮಂಚ, ಅದರ ಮೇಲೆ ಜಮಖಾನ, ಕಾಲಿಗೆ ಉಣ್ಣೆಯ ಸಾಕ್ಸ್, ಸ್ಲೀಪಿಂಗ್ ಬ್ಯಾಗಿನ ಒಳಗೆ ಬಿಸಿನೀರಿನ ಬಾಟಲಿ. ಬೆಳಿಗ್ಗೆ ಏಳಾದರೂ ಅಮ್ಮ ಎದ್ದಿರಲಿಲ್ಲ. ಮನೆಯಲ್ಲಿ ಐದಕ್ಕೇ ಏಳುವವರು.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಊಟದ ಚೂರು ನೆಲಕ್ಕೆ ಬೀಳಬಾರದು. ಈ ಬೆಟ್ಟಗಳ ಹಳೆಯ ಮರಗಳಲ್ಲಿ ಮಾರ್ಬಲ್ಡ್ ಮರ್ರ್‌ಲೆಟ್ ಅನ್ನುವ ಪುಟ್ಟ ಕಡಲ ಹಕ್ಕಿ ಮೊಟ್ಟೆ ಇಡುತ್ತದೆ. ಮೀನು ಹಿಡಿಯುವುದು ಕಡಲಿನಲ್ಲಿ, ಮರಿ ಮಾಡುವುದು ಕಾಡಿನ ಮರಗಳ ಮೇಲಿನ ಕೊಂಬೆಯಲ್ಲಿ. ಅದು ಎಲ್ಲಿ ಮೊಟ್ಟೆ ಇಡುತ್ತದೆ ಅಂತ 1974ರವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆ ವರ್ಷ ಪಕ್ಕದ ಬಿಗ್ ಬೇಸಿನ್ ಪಾರ್ಕಿನಲ್ಲಿ ಕೊಂಬೆ ಸವರಲು ಮರ ಹತ್ತಿದವರೊಬ್ಬರ ಕಣ್ಣಿಗೆ ಮರಿ ಬಿತ್ತು. ನಾವು ಚೆಲ್ಲಿದ ಚೂರಿಗೆ ಜೇ ಹಕ್ಕಿಗಳು, ಕಾಗೆಗಳು ಬರುತ್ತವೆ. ಬಂದವು ಈ ಹಕ್ಕಿಯ ಮೊಟ್ಟೆಯನ್ನೂ ಹುಡುಕಿ ತಿನ್ನುತ್ತವೆ. ನಮ್ಮ ಚಕ್ಕುಲಿ, ಮಂಡಕ್ಕಿ, ಖಾರದ ಅವಲಕ್ಕಿ ಎಲ್ಲವೂ ಉದುರುವ ತಿಂಡಿಗಳೇ. ಮಕ್ಕಳನ್ನು ಮೇಜಿನ ಹತ್ತಿರ ಕೂರಿಸಿ ತಿನ್ನಿಸಿ, ತಿಂದ ಮೇಲೆ ಮೇಜು ಬೆಂಚಿನ ಕೆಳಗೆಲ್ಲ ಆರಿಸಿ ಬಿಡಿ. ಅದನ್ನೇ ಒಂದು ಆಟ ಮಾಡಿ, ಹೆಚ್ಚು ಚೂರು ಆರಿಸಿದವರಿಗೆ ಒಂದು ಬಹುಮಾನ ಇಡಿ.

ಈ ಕ್ಯಾಂಪ್‌ಗ್ರೌಂಡ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಿಗ್ ಬೇಸಿನ್ ಬಗ್ಗೆಯೂ ತುಂಬ ಜನ ಕೇಳುತ್ತಾರೆ. 1902ರಲ್ಲಿ ಶುರುವಾದ, ರಾಜ್ಯದ ಅತಿ ಹಳೆಯ ಸ್ಟೇಟ್ ಪಾರ್ಕ್ ಅದು. 2020ರ ಆಗಸ್ಟ್‌ನ ಕಾಡ್ಗಿಚ್ಚಿನಲ್ಲಿ ಬಹುತೇಕ ಪೂರ್ತಿ ಸುಟ್ಟುಹೋಯಿತು. 2022ರಲ್ಲಿ ಹಗಲಿನ ಭೇಟಿಗೆ ಮತ್ತೆ ತೆರೆದಿದೆ. ಕರಿ ಹಿಡಿದ ಕಾಂಡಗಳ ಮೈತುಂಬ ಹಸಿರು ಚಿಗುರು ಒಡೆದಿರುವುದನ್ನು ನೋಡಲು ಒಂದು ದಿನ ಹೋಗಿ ಬನ್ನಿ. ಹಳೆಯ ಲೇಖನಗಳಲ್ಲಿ ಹೇಳುವ ಅಲ್ಲಿನ ಟೆಂಟ್ ಕ್ಯಾಬಿನ್‌ಗಳು ಈಗಿಲ್ಲ, ಬೆಂಕಿಗೆ ಹೋದವು.

ಹಾಫ್ ಮೂನ್ ಬೇ: ಹತ್ತಿರ, ಸುಲಭ, ಚಳಿ

ಫ್ರಾನ್ಸಿಸ್ ಬೀಚಿನ ಕ್ಯಾಂಪ್‌ಗ್ರೌಂಡ್ ಸಮತಟ್ಟಾಗಿದೆ, ಕಾರಿನಿಂದ ಇಳಿದರೆ ಸೈಟು. ಕಡಲ ಪಕ್ಕದಲ್ಲೇ ಡಾಂಬರು ಹಾಕಿದ ಉದ್ದದ ಕೋಸ್ಟಲ್ ಟ್ರೇಲ್. ಬೆಳಿಗ್ಗೆ ವಾಕಿಂಗ್ ತಪ್ಪಿಸದ ಅಪ್ಪಂದಿರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಊರು ಪಕ್ಕದಲ್ಲೇ ಇದೆ, ಹಾಲು ಮುಗಿದರೆ ತರಬಹುದು.

ಆದರೆ ಮರೆ ಇಲ್ಲ. ಗಾಳಿ ನೇರ ಹೊಡೆಯುತ್ತದೆ, ಮಂಜಿಗೆ ಟೆಂಟಿನ ಹೊರಗೆಲ್ಲ ತೇವ. ಜೂನ್, ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಬೆಚ್ಚಗೆ, ಆಕಾಶವೂ ತಿಳಿ. ಅಕ್ಟೋಬರ್‌ನಲ್ಲಿ ಕುಂಬಳಕಾಯಿ ಹಬ್ಬದ ಜನದಟ್ಟಣೆಗೆ ಊರಿಗೆ ಬರುವ 92ರ ರಸ್ತೆ ಗಂಟೆಗಟ್ಟಲೆ ನಿಲ್ಲುತ್ತದೆ, ಆ ವಾರಾಂತ್ಯ ಬಿಟ್ಟುಬಿಡಿ.

ನೀರಿನ ಬಗ್ಗೆ ಒಂದು ಮಾತು. ಇದು ಮಲ್ಪೆಯೂ ಅಲ್ಲ, ಗೋಕರ್ಣವೂ ಅಲ್ಲ. ನೀರು ವರ್ಷವಿಡೀ 10ರಿಂದ 15 ಡಿಗ್ರಿ, ಒಳಸೆಳೆತ ಜೋರು. ಸುಮ್ಮನಿದ್ದ ಕಡಲಿನಿಂದ ಒಮ್ಮೆಲೇ ದೊಡ್ಡ ಅಲೆ ಬಂದು ದಡದಲ್ಲಿ ನಿಂತವರನ್ನು ಎಳೆದುಕೊಂಡು ಹೋಗುವುದುಂಟು. ಫೋಟೋಗೆ ಅಂತ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ಮಕ್ಕಳು ಮೊಣಕಾಲಿಗಿಂತ ಆಚೆ ಹೋಗುವುದು ಬೇಡ.

ಕಡಲೇ ಬೇಕು, ಇಷ್ಟು ಗಾಳಿ ಬೇಡ ಅನ್ನುವವರು ಕ್ಯಾಪಿಟೋಲಾ ಹತ್ತಿರದ ನ್ಯೂ ಬ್ರೈಟನ್ ನೋಡಿ. ಅಲ್ಲಿ ಕ್ಯಾಂಪ್‌ಗ್ರೌಂಡ್ ದಿಬ್ಬದ ಮೇಲೆ, ಮರಗಳಿವೆ, ಬೀಚಿಗೆ ಇಳಿದು ಹೋಗಬೇಕು.

ಮೌಂಟ್ ಡಿಯಾಬ್ಲೋ: ವಸಂತದಲ್ಲಿ ಮಾತ್ರ

ಫ್ರೀಮಾಂಟ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯವರಿಗೆ ಇದು ಮನೆ ಹಿಂದಿನ ಬೆಟ್ಟ. ತುದಿ 3,849 ಅಡಿ. ಮಳೆ ಬಿದ್ದು ಗಾಳಿ ತೊಳೆದ ಮರುದಿನ ಮೇಲಿನಿಂದ ದೂರದ ಸಿಯೆರಾ ಹಿಮಶ್ರೇಣಿ ಕಾಣುತ್ತದೆ. ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ ಬೆಟ್ಟವೆಲ್ಲ ಹಸಿರು, ಹೂವು. ರಾಕ್ ಸಿಟಿಯ ಬಂಡೆಗಳು, ಗಾಳಿ ಕೊರೆದ ಪುಟ್ಟ ಗುಹೆಗಳು ಮಕ್ಕಳಿಗೆ ಹತ್ತಿಳಿಯಲು ಚೆನ್ನ.

ಬೇಸಿಗೆಯಲ್ಲಿ ಬೇಡ. ಹುಲ್ಲು ಒಣಗಿ ಬಿಸಿಲು 35 ಡಿಗ್ರಿ ದಾಟುತ್ತದೆ, ಬೆಂಕಿಯ ಭಯಕ್ಕೆ ಕ್ಯಾಂಪ್‌ಫೈರ್ ನಿಷೇಧ ಇರುತ್ತದೆ. ಶರತ್ಕಾಲದಲ್ಲಿ ಹೆಣ್ಣು ಹುಡುಕಿಕೊಂಡು ಗಂಡು ಟರಾಂಟುಲಾ ಜೇಡಗಳು ದಾರಿಗೆ ಬರುತ್ತವೆ. ಅವು ತಮ್ಮ ಪಾಡಿಗೆ ಹೋಗುತ್ತವೆ, ಆದರೂ ಜೇಡಕ್ಕೆ ಹೆದರುವವರು ಮನೆಯಲ್ಲಿದ್ದರೆ ಹೇಳಿಯೇ ಕರೆದುಕೊಂಡು ಹೋಗಿ. ಈ ಪಾರ್ಕಿನಲ್ಲಿ ಮದ್ಯ ತರುವಂತಿಲ್ಲ. ಗೇಟು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಶುಕ್ರವಾರ ಆಫೀಸ್ ಮುಗಿಸಿ ಹೊರಡುವವರಿಗೆ ಇದು ಹೊಂದುವುದಿಲ್ಲ.

ಬಿಗ್ ಸರ್: ಚೆಲುವು ಹೆಚ್ಚು, ದಾರಿ ನಂಬುವಂತಿಲ್ಲ

ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕ್‌ನಲ್ಲಿ ರೆಡ್‌ವುಡ್ ಕಾಡಿದೆ, ಹರಿಯುವ ಹೊಳೆಯಿದೆ, ಅರ್ಧ ಗಂಟೆ ದಾರಿಯಲ್ಲಿ ಕಡಲಿದೆ. ಮೂರೂ ಒಟ್ಟಿಗೆ ಸಿಗುವ ಜಾಗ ಇಡೀ ಕರಾವಳಿಯಲ್ಲೇ ಕಮ್ಮಿ. ಕೆಲವು ಸೈಟುಗಳು ಹೊಳೆ ಪಕ್ಕದಲ್ಲೇ ಇವೆ. ರಾತ್ರಿ ಇಡೀ ನೀರಿನ ಸದ್ದು. ಮಲೆನಾಡಿನವರಿಗೆ ಇಲ್ಲಿ ಬಂದರೆ ಊರಿನ ಹಳ್ಳ ನೆನಪಾಗದೆ ಇರುವುದಿಲ್ಲ. ಸ್ವಲ್ಪ ದಕ್ಷಿಣಕ್ಕೆ ಜೂಲಿಯಾ ಫೈಫರ್ ಬರ್ನ್ಸ್ ಪಾರ್ಕ್‌ನಲ್ಲಿ ಮೆಕ್‌ವೇ ಫಾಲ್ಸ್. 80 ಅಡಿಯಿಂದ ನೇರ ಮರಳಿನ ಮೇಲೆ ಬೀಳುವ ಜಲಪಾತ. ಮೇಲಿನಿಂದ ನೋಡಬಹುದು, ಬೀಚಿಗೆ ಇಳಿಯುವಂತಿಲ್ಲ.

ಇಲ್ಲಿನ ತೊಡಕು ಹೈವೇ 1. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಕಡಲು. ಜೋರು ಮಳೆಗಾಲ ಬಂದರೆ ಗುಡ್ಡ ಜರುಗುತ್ತದೆ. ನಮ್ಮ ಶಿರಾಡಿ ಘಾಟಿಯ ಕಥೆಯೇ. 2017ರಲ್ಲಿ ಫೈಫರ್ ಕ್ಯಾನ್ಯನ್ ಸೇತುವೆಯೇ ಹೋಯಿತು. 2021ರಲ್ಲಿ ರ್‍ಯಾಟ್ ಕ್ರೀಕ್ ಹತ್ತಿರ ರಸ್ತೆ ಕೊಚ್ಚಿಹೋಯಿತು. 2024ರಲ್ಲಿ ರಾಕಿ ಕ್ರೀಕ್ ಹತ್ತಿರ ಒಂದು ಪಕ್ಕ ಕುಸಿಯಿತು. ಆರು ತಿಂಗಳ ಮುಂಚೆ ಬುಕ್ ಮಾಡಿದ ಜಾಗಕ್ಕೆ ಹೋಗುವ ವಾರ ದಾರಿಯೇ ಇಲ್ಲದಿರಬಹುದು. ಹೊರಡುವ ಮುಂಚೆ ರಾಜ್ಯದ ಹೆದ್ದಾರಿ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ನೋಡಿ. ಗೂಗಲ್ ಮ್ಯಾಪ್ ಹಾಕಿಟ್ಟುಕೊಂಡು ಹೋದರೆ ಸಾಲದು, ಅಲ್ಲಿ ಫೋನ್ ಸಿಗ್ನಲ್ ಇಲ್ಲದ ಜಾಗವೇ ಜಾಸ್ತಿ.

ಸ್ಯಾನ್ ಹೋಸೆ ಕಡೆಯಿಂದ ಎರಡೂವರೆ ಗಂಟೆ. ತಿರುವಿನ ದಾರಿ, ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಶುಂಠಿ ಪೆಪ್ಪರ್‌ಮಿಂಟ್ ಇರಲಿ. ಬೀಪಿ, ಸಕ್ಕರೆ, ಹೃದಯದ ತೊಂದರೆ ಇರುವ ಹಿರಿಯರ ಜೊತೆ ಮೊದಲ ಸಲ ಇಲ್ಲಿಗೆ ಬರುವುದನ್ನು ನಾನು ಒಪ್ಪುವುದಿಲ್ಲ. ಆಸ್ಪತ್ರೆ ದೂರ, ಫೋನ್ ಇಲ್ಲ. ನೀವು ಎರಡು ಮೂರು ಸಲ ಟೆಂಟ್ ಹಾಕಿ ಪಳಗಿದ ಮೇಲೆ, ಕಾಲೇಜಿನ ಮಕ್ಕಳ ಜೊತೆಗೋ ಇಬ್ಬರೇ ಆಗಿಯೋ ಬನ್ನಿ. ಎರಡು ರಾತ್ರಿಯಾದರೂ ಇರಿ.

ಬೆಂಕಿಯ ವಿಷಯ ಇಲ್ಲಿ ಹೇಳಲೇಬೇಕು. 2016ರ ಜುಲೈನಲ್ಲಿ, ಇದೇ ಕರಾವಳಿಯ ಗರಪಾಟಾ ಸ್ಟೇಟ್ ಪಾರ್ಕ್‌ನಲ್ಲಿ ಯಾರೋ ನಿಯಮ ಮೀರಿ ಹಾಕಿದ ಒಂದು ಕ್ಯಾಂಪ್‌ಫೈರ್ ಹಬ್ಬಿ 1,32,000 ಎಕರೆ ಸುಟ್ಟಿತು. ಬೆಂಕಿ ಆರಿಸಲು ಬಂದ ಬುಲ್ಡೋಜರ್ ಚಾಲಕರೊಬ್ಬರು ಜೀವ ಕಳೆದುಕೊಂಡರು. ಉರಿ ಕಾಣಲಿಲ್ಲ ಅಂದರೆ ಆರಿದೆ ಅಂತಲ್ಲ. ನೀರು ಸುರಿಯಿರಿ, ಕೆದಕಿ, ಮತ್ತೆ ಸುರಿಯಿರಿ. ಅಂಗೈ ಹತ್ತಿರ ಹಿಡಿದಾಗ ಬಿಸಿ ತಾಗಬಾರದು. ಸೌದೆಯನ್ನು ಮನೆಯಿಂದ ತರಬೇಡಿ, ಅದರೊಳಗಿನ ಹುಳು ಹೊಸ ಕಾಡಿಗೆ ರೋಗ ಹೊತ್ತು ತರುತ್ತದೆ. ಅಲ್ಲೇ ಕೊಳ್ಳಿ.

ಟಾಹೋ ಮತ್ತು ಕಲವೆರಾಸ್: ದೂರ ಹೋಗುವವರಿಗೆ

ಟಾಹೋ ಸರೋವರ 6,225 ಅಡಿ ಎತ್ತರದಲ್ಲಿದೆ. ಅದರ ಪಶ್ಚಿಮ ದಡದ ಡಿ. ಎಲ್. ಬ್ಲಿಸ್ ಸ್ಟೇಟ್ ಪಾರ್ಕ್‌ನಿಂದ ರೂಬಿಕಾನ್ ಟ್ರೇಲ್ ಹಿಡಿದು ಎಮರಾಲ್ಡ್ ಬೇವರೆಗೆ ನಡೆದರೆ ಪಕ್ಕದಲ್ಲೇ ತಳ ಕಾಣುವ ನೀಲಿ ನೀರು. ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ ದಾರಿ, ಶುಕ್ರವಾರ ಸಂಜೆಯಾದರೆ ಆರು. ಎರಡು ರಾತ್ರಿಗೆ ಕಮ್ಮಿ ಹೋಗುವುದರಲ್ಲಿ ಅರ್ಥವಿಲ್ಲ, ಮೂರು ಇದ್ದರೆ ಒಳ್ಳೆಯದು.

ಇಲ್ಲಿ ಕರಡಿಗಳಿವೆ. ಪ್ರತಿ ಸೈಟಿನಲ್ಲೂ ಕಬ್ಬಿಣದ ಪೆಟ್ಟಿಗೆ ಇದೆ, ಅದನ್ನು ಬಳಸುವುದು ಕಡ್ಡಾಯ. ನಾವು ಊಟವನ್ನು ಮಾತ್ರ ಒಳಗಿಟ್ಟು ಆಯಿತು ಅಂದುಕೊಳ್ಳುತ್ತೇವೆ. ಕರಡಿಗೆ ವಾಸನೆಯೇ ಊಟ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ ಬಾಟಲಿ, ಅಮೃತಾಂಜನ, ಊದಿನಕಡ್ಡಿ, ಮಗುವಿನ ಪೌಡರ್, ಉಪ್ಪಿನಕಾಯಿ ಡಬ್ಬಿ ಎಲ್ಲವೂ ಪೆಟ್ಟಿಗೆಗೆ ಹೋಗಬೇಕು. ಕಾರಿನಲ್ಲೂ ಏನೂ ಬಿಡಬಾರದು. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಎಷ್ಟೋ ಸಲ ಕೊನೆಗೆ ಕೊಲ್ಲಬೇಕಾಗುತ್ತದೆ. ನಮ್ಮ ಒಂದು ಡಬ್ಬಿಯಿಂದ ಅದರ ಜೀವ ಹೋಗುವುದು ಬೇಡ. ಒಗ್ಗರಣೆ ಹಾಕುವ ಅಡುಗೆಯನ್ನು ಮನೆಯಲ್ಲೇ ಮುಗಿಸಿ. ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಪಾತಿ ಒಯ್ದರೆ ಸಾಕು. ಅಲ್ಲಿ ಅನ್ನಕ್ಕೆ ಒಂದು ಪುಟ್ಟ ಕುಕ್ಕರ್, ಎರಡು ಬರ್ನರಿನ ಪ್ರೊಪೇನ್ ಒಲೆ. ಎತ್ತರದ ಜಾಗವಾದ್ದರಿಂದ ತೆರೆದ ಪಾತ್ರೆಯಲ್ಲಿ ಅನ್ನ, ಬೇಳೆ ಬೇಯುವುದು ನಿಧಾನ, ಕುಕ್ಕರ್ ಇದ್ದರೆ ಆ ತೊಂದರೆ ಇಲ್ಲ.

ದುಡ್ಡಿಗಿಂತ ಇಲ್ಲಿ ಸಾಮಾನು ಮುಖ್ಯ. ತೆಳು ಸ್ಲೀಪಿಂಗ್ ಬ್ಯಾಗ್ ನಡೆಯುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರಬಹುದು. ಆಸ್ತಮಾ ಇರುವವರಿದ್ದರೆ ಜುಲೈ ಮೊದಲ ಅರ್ಧವೇ ವಾಸಿ.

ಟಾಹೋಗೆ ಜಾಗ ಸಿಗದಿದ್ದರೆ ಬೇಸರ ಬೇಡ. ಮೂರು ಗಂಟೆ ದೂರದ ಕಲವೆರಾಸ್ ಬಿಗ್ ಟ್ರೀಸ್ ಇದೆ. ನಿಜ ಹೇಳಬೇಕೆಂದರೆ ಮಕ್ಕಳಿರುವ ಮನೆಗೆ ನಾನು ಟಾಹೋಗಿಂತ ಇದನ್ನೇ ಹೇಳುತ್ತೇನೆ. ಇಲ್ಲಿರುವುದು ಜೈಂಟ್ ಸಿಕ್ವೋಯಾ, ಕರಾವಳಿಯ ರೆಡ್‌ವುಡ್‌ಗಿಂತ ದಪ್ಪ. 1852ರಲ್ಲಿ ಬೇಟೆಗಾರನೊಬ್ಬ ಕಂಡು ಊರಿಗೆಲ್ಲ ಹೇಳಿದ ಮರವನ್ನು ಮರುವರ್ಷವೇ ಕಡಿದರು. ಕೊಡಲಿಗೆ ಬಗ್ಗದ ಕಾಂಡವನ್ನು ಬೈರಿಗೆಯಲ್ಲಿ ತೂತು ಕೊರೆಯುತ್ತಾ ಮೂರು ವಾರ ಹಿಡಿದು ಉರುಳಿಸಿದರು. ಅದಕ್ಕೆ 1,200 ವರ್ಷಕ್ಕೂ ಮಿಕ್ಕಿ ವಯಸ್ಸಾಗಿತ್ತು. ಉಳಿದ ಬೊಡ್ಡೆಯನ್ನು ನೆಲಹಾಸು ಮಾಡಿಕೊಂಡು ಜನ ನೃತ್ಯ ಮಾಡಿದರು. ಸುಮಾರು 24 ಅಡಿ ಅಗಲದ ಆ ಬೊಡ್ಡೆ ಇವತ್ತಿಗೂ ಇದೆ, ನೀವೂ ಹತ್ತಿ ನಿಲ್ಲಬಹುದು. ನನ್ನ ಮಗಳು ಅದರ ಮೇಲೆ ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸುತ್ತಾ ಹೋದಳು. ವಾಪಸ್ ಬಂದು, “ಯಾಕೆ ಕಡಿದ್ರು?” ಅಂತ ಒಂದೇ ಮಾತು ಕೇಳಿದಳು. ಉತ್ತರ ಹೇಳಲು ನನಗೆ ಆಗಲಿಲ್ಲ.

ನಾರ್ತ್ ಗ್ರೋವ್‌ನ ದಾರಿ ಒಂದೂವರೆ ಮೈಲಿ ಆಸುಪಾಸು, ಸುಲಭ. ಕ್ಯಾಂಪ್‌ಗ್ರೌಂಡ್ ಅದರ ಪಕ್ಕದಲ್ಲೇ. ಹಿರಿಯರು ಟೆಂಟಿನ ಹತ್ತಿರ ಕುರ್ಚಿ ಹಾಕಿ ಕೂತಿರಬಹುದು, ಬೇಕೆನಿಸಿದಾಗ ನಡೆದು ಬರಬಹುದು. ಕರಡಿ ನಿಯಮ ಇಲ್ಲೂ ಅದೇ. ರಾತ್ರಿ ಚಳಿ ಟಾಹೋಗಿಂತ ಸ್ವಲ್ಪ ಕಮ್ಮಿ.

ಟೆಂಟೇ ಬೇಡ ಅನ್ನುವವರಿದ್ದರೆ

ನೆಲದ ಮೇಲೆ ಮಲಗಿ ಏಳಲು ಆಗದವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಮರಿನ್ ಕಡೆಯ ಸ್ಯಾಮ್ಯುಯೆಲ್ ಪಿ. ಟೇಲರ್ ಸ್ಟೇಟ್ ಪಾರ್ಕ್‌ನಲ್ಲಿ ಕೆಲವು ಕ್ಯಾಬಿನ್‌ಗಳಿವೆ. ಒಳಗೆ ಮಲಗುವ ಹಲಗೆ, ಹೀಟರ್ ಇದೆ. ಹಾಸಿಗೆ ಹೊದಿಕೆ ನಿಮ್ಮದು, ಅಡುಗೆ ಹೊರಗೆ. ಬಾಡಿಗೆ ಟೆಂಟ್ ಸೈಟಿಗಿಂತ ಎಷ್ಟೋ ಜಾಸ್ತಿ, ಸಿಗುವುದೂ ಕಷ್ಟ. ಆದರೆ ಅಜ್ಜ ಅಜ್ಜಿ ಕ್ಯಾಬಿನ್ನಿನಲ್ಲಿ, ಉಳಿದವರು ಅದೇ ಪಾರ್ಕಿನ ಟೆಂಟಿನಲ್ಲಿ ಅಂತ ಮಾಡಿಕೊಂಡರೆ ಎಲ್ಲರಿಗೂ ಅನುಕೂಲ. ರೆಡ್‌ವುಡ್ ಕಾಡು, ಲಗುನಿಟಾಸ್ ತೊರೆ, ಚಳಿಗಾಲದಲ್ಲಿ ತೊರೆ ಏರಿ ಬರುವ ಕೋಹೋ ಸಾಲ್ಮನ್ ಮೀನು, ಸೈಕಲ್ ಕಲಿಯುವ ಮಕ್ಕಳಿಗೆ ಸಪಾಟು ದಾರಿ, ಎಲ್ಲ ಇದೆ.

ಎಲ್ಲಿಗೆ ಹೋದರೂ, ಅದರಲ್ಲೂ ಕರಾವಳಿಯ ಪಾರ್ಕ್‌ಗಳಲ್ಲಿ, ಪಾಯ್ಸನ್ ಓಕ್ ಗಿಡವನ್ನು ಮಕ್ಕಳಿಗೆ ತೋರಿಸಿ ಹೇಳಿ. ಒಂದು ತೊಟ್ಟಿಗೆ ಮೂರು ಎಲೆ, ಬೇಸಿಗೆ ಕೊನೆಗೆ ಕೆಂಪಾಗುತ್ತದೆ. ಮಾವು, ಗೇರು ಇರುವ ಕುಟುಂಬದ್ದೇ ಗಿಡ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ ಈ ತುರಿಕೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಕ್ಯಾಂಪ್‌ಗ್ರೌಂಡಿಗೆ ಹಗ್ಗ ಹಾಕಿ ತರಬಹುದು, ಆದರೆ ಹೆಚ್ಚಿನ ಸ್ಟೇಟ್ ಪಾರ್ಕ್‌ಗಳ ಕಾಲುದಾರಿಗಳಲ್ಲಿ ಬಿಡುವುದಿಲ್ಲ. ಒಬ್ಬರು ಸೈಟಿನಲ್ಲೇ ಉಳಿಯಬೇಕಾಗುತ್ತದೆ.

ಬುಕಿಂಗ್

ಜಾಗ ಸಿಗುವುದು ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ವೆಬ್‌ಸೈಟ್ ರಿಸರ್ವ್‌ಕ್ಯಾಲಿಫೋರ್ನಿಯಾದಲ್ಲಿ. ಸಾಮಾನ್ಯವಾಗಿ ನೀವು ಹೋಗುವ ದಿನಕ್ಕೆ ಸರಿಯಾಗಿ ಆರು ತಿಂಗಳ ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಜುಲೈ 10ಕ್ಕೆ ಬೇಕಾದರೆ ಜನವರಿ 10ರ ಬೆಳಿಗ್ಗೆ ಕೂರಬೇಕು. ಬಿಗ್ ಸರ್, ಟಾಹೋದ ವಾರಾಂತ್ಯಗಳು ನೋಡುತ್ತಿದ್ದ ಹಾಗೇ ಮುಗಿಯುತ್ತವೆ. ಆ ದಿನ ತಪ್ಪಿದರೆ ಆಸೆ ಬಿಡಬೇಡಿ. ಹೋಗುವ ಹಿಂದಿನ ಒಂದೆರಡು ವಾರಗಳಲ್ಲಿ ಕ್ಯಾನ್ಸಲ್ ಆದ ಜಾಗಗಳು ಒಂದೊಂದಾಗಿ ಬರುತ್ತವೆ. ಮಕ್ಕಳಿಗೆ ರಜೆ ಇದ್ದಾಗ ಭಾನುವಾರದಿಂದ ಗುರುವಾರದೊಳಗೆ ನೋಡಿದರೆ ಇನ್ನೂ ಸುಲಭ. ನಿಮಗೇ ಹೋಗಲು ಆಗದಿದ್ದರೆ ಸುಮ್ಮನೆ ಬಿಡದೆ ಬೇಗ ಕ್ಯಾನ್ಸಲ್ ಮಾಡಿ, ಇನ್ನೊಂದು ಮನೆಯವರಿಗೆ ಸಿಗುತ್ತದೆ.

ಮೂರು ನಾಲ್ಕು ಮನೆಯವರು ಒಟ್ಟಿಗೆ ಹೋಗುವುದಾದರೆ ಗ್ರೂಪ್ ಸೈಟ್ ಹುಡುಕಿ. ರಾತ್ರಿ 10 ಆದ ಮೇಲೆ ಸದ್ದು ಮಾಡುವಂತಿಲ್ಲ. ಅಂತ್ಯಾಕ್ಷರಿಯನ್ನು ಏಳಕ್ಕೇ ಶುರು ಮಾಡಿ.

ಸೈಟ್ ಆರಿಸುವಾಗ ನಕ್ಷೆ ತೆರೆದು ಟಾಯ್ಲೆಟ್ ಎಲ್ಲಿದೆ ನೋಡಿ. ಅದಕ್ಕೆ ಅಂಟಿದ ಸೈಟ್ ಬೇಡ, ರಾತ್ರಿಯೆಲ್ಲ ಬಾಗಿಲಿನ ಸದ್ದು, ದೀಪ. ಮೂರು ನಾಲ್ಕು ಸೈಟ್ ಆಚೆಗೆ, ರಸ್ತೆಯ ಅದೇ ಬದಿಯಲ್ಲಿ ಇರುವುದನ್ನು ಹಿಡಿಯಿರಿ. ಹೋಗುವ ಹಿಂದಿನ ವಾರ ಟೆಂಟನ್ನು ಹಿತ್ತಲಿನಲ್ಲಿ, ಹಿತ್ತಲಿಲ್ಲದಿದ್ದರೆ ಹಾಲ್‌ನಲ್ಲೇ ಒಮ್ಮೆ ನಿಲ್ಲಿಸಿ. ಮನೆಯಲ್ಲಿ ನಿದ್ದೆ ಬಾರದವರನ್ನು ಅದರೊಳಗೆ ಒಂದು ರಾತ್ರಿ ಮಲಗಿಸಿ. ಬೆಳಿಗ್ಗೆ ಎದ್ದು ಏನು ಸಾಲಲಿಲ್ಲ ಅಂತ ಅವರು ಹೇಳುತ್ತಾರೋ, ಅದನ್ನೇ ಪಟ್ಟಿಯಲ್ಲಿ ಮೊದಲು ಬರೆದುಕೊಳ್ಳಿ.